ಅರ್ಧ ಅಂಕ

ಪ್ರಶ್ನೆ ಸುಲಭದ್ದೇ. ಸೈನ್ ಥೀಟಾ ಅರ್ಧಕ್ಕೆ ಸಮ,
ಹಾಗಾದರೆ ಥೀಟಾ ಎಷ್ಟು?
ಇಪ್ಪತ್ತಮೂರು ಮಕ್ಕಳಲ್ಲಿ ಇಪ್ಪತ್ತು ಮಂದಿ
ಪೈ ಭಾಗ ಆರು ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದು
ಊಟದ ಸಾಲಿಗೆ ಓಡಿದ್ದಾರೆ.
ಕೆಂಪು ಪೆನ್ನು ಒಂದೇ ಮಾತು ಬರೆಯುತ್ತ ಬಂತು:
ಉಳಿದವು ಎಲ್ಲಿ? ಅರ್ಧ ಅಂಕ ಕಡಿತ.

ದಾನ್‌ಬಿ ಮಾತ್ರ ಒಪ್ಪಲಿಲ್ಲ. ಹಿಡಿದ ಮೊಲಕ್ಕೆ ಮೂರೇ ಕಾಲು.
"ಕೇಳಿದ್ದು ಒಂದು, ಹೇಳಿದ್ದೂ ಒಂದು.
ನಿನ್ನ ಹೆಸರೇನು ಅಂದರೆ
ಊರಿನವರ ಹೆಸರೆಲ್ಲ ಹೇಳಬೇಕಾ ಮೇಷ್ಟ್ರೇ?"

ಬೋರ್ಡಿನ ಮೇಲೆ ವೃತ್ತ ಬರೆದೆ, ಅರ್ಧದೆತ್ತರಕ್ಕೆ ಅಡ್ಡಗೆರೆ.
ಗೆರೆ ಎರಡು ಕಡೆ ಚುಚ್ಚಿಕೊಂಡು ಹೋಯಿತು.
ಮೂವತ್ತರಲ್ಲಿ ಒಮ್ಮೆ, ನೂರೈವತ್ತರಲ್ಲಿ ಒಮ್ಮೆ,
ಆಮೇಲೆ ಸುತ್ತಿದಷ್ಟೂ.
ಎನ್ ಪೈ, ಜೊತೆಗೆ ಋಣ ಒಂದರ ಎನ್‌ನೇ ಘಾತ, ಗುಣಿಸು ಪೈ ಭಾಗ ಆರು.
ಎನ್ ಯಾವ ಪೂರ್ಣಾಂಕವಾದರೂ ಆದೀತು;
ನಾವು ಹುಟ್ಟುವ ಮುಂಚಿನವೆಲ್ಲ ಋಣದ ಕಡೆಯವು.
ಅವಳು ಕಿಟಕಿಯಾಚೆ ನೋಡುತ್ತಿದ್ದಳು.

ನಾನು ದೇಗುವಿನವನು. ಬೆಟ್ಟ ಬಳಸಿದ ಬಾಣಲೆಯಂಥ ಊರು.
ಕಡಲೆಂದರೆ ನನಗೆ ಪುಸ್ತಕದೊಳಗೆ ಮಲಗಿದ ಗ್ರಾಫು.
ಈ ದ್ವೀಪಕ್ಕೆ ವರ್ಗವಾಗಿ ಬಂದ ದಿನ ಜವಾನ ಹೇಳಿದ್ದ:
ಆಚೆ ದಡಕ್ಕೆ ರಸ್ತೆಯಿದೆ ಸಾರ್,
ದಿನಕ್ಕೆ ಎರಡು ಸಲ ಇರುತ್ತದೆ, ಎರಡು ಸಲ ಇರುವುದಿಲ್ಲ.

ಸಂಜೆ ಪಿಲ್‌ರೆ ಅಜ್ಜಿ ಬಂದಳು, ತೊಡೆಯವರೆಗೆ ಕೆಸರು,
ಬಕೇಟಿನಲ್ಲಿ ಉಗುಳುತ್ತಿರುವ ಚಿಪ್ಪುಗಳು.
ಮೊಮ್ಮಗಳ ಅಂಕದ ಮಾತಿಗೆ ಬಂದವಳಲ್ಲ.
"ಬಾ" ಅಂದಳು. ಹೋದೆ.

ರಸ್ತೆ ಮುಗಿಯುವಲ್ಲಿ ಕಲ್ಲುಕಂಬ, ನಡುವೆ ಬಿಳಿ ಪಟ್ಟಿ.
ನೀರು ಆ ಪಟ್ಟಿಗೆ ಬಂದರೆ ದಾಟಬಹುದು,
ಇದು ದ್ವೀಪದ ಎಳೆಮಕ್ಕಳಿಗೂ ಗೊತ್ತು.
"ನನ್ನ ಮಗ ಸೊಕ್‌ಚೊಲ್‌ನಿಗೂ ಗೊತ್ತಿತ್ತು.
ಏಳು ವರ್ಷದ ಹಿಂದೆ, ಮಂಜು ಕವಿದ ಬೆಳಿಗ್ಗೆ,
ಪಟ್ಟಿ ನೋಡಿಯೇ ಇಳಿದ.
ಪಟ್ಟಿ ಸುಳ್ಳು ಹೇಳಲಿಲ್ಲ.
ನೀರು ಅಲ್ಲೇ ಇತ್ತು, ಆದರೆ ಹೋಗುತ್ತಿರಲಿಲ್ಲ, ಬರುತ್ತಿತ್ತು."

ತಲೆಯಲ್ಲಿ ಗ್ರಾಫು ತಾನಾಗಿ ಎದ್ದು ನಿಂತಿತು.
ಮೂವತ್ತರಲ್ಲಿ ಗೆರೆ ಏರುತ್ತದೆ, ನೂರೈವತ್ತರಲ್ಲಿ ಇಳಿಯುತ್ತದೆ.
ಇಪ್ಪತ್ತು ಮಕ್ಕಳು ಬರೆದದ್ದು ಏರುವುದನ್ನು.
ಬಿಟ್ಟದ್ದು, ದಾಟಿಸುವುದನ್ನು.
ಎನ್ ಸರಿಯಾದರೆ ತಪ್ಪು, ಬೆಸವಾದರೆ ದಾರಿ.
ಸರಿ ಎಂಬ ಮಾತಿನ ಮೇಲೆ
ನನಗೆ ಅಂದಿನಿಂದ ಅಷ್ಟು ನಂಬಿಕೆಯಿಲ್ಲ.

"ಮತ್ತೆ ಹೇಗೆ ತಿಳಿಯುವುದಜ್ಜಿ, ಎತ್ತರ ಎರಡಕ್ಕೂ ಒಂದೇ?"
ಅವಳು ಗದ್ದ ಎತ್ತಿ ತೋರಿಸಿದಳು.
ಲಂಗರು ಹಾಕಿದ ಮೂರು ದೋಣಿ, ಮೂತಿ ಕಡಲ ಕಡೆಗೆ.
"ಬರುವ ನೀರಿಗೆ ಮೂತಿ ಕೊಡುತ್ತವೆ, ಹೋಗುವ ನೀರಿಗೆ ಬಾಲ.
ಅವಕ್ಕೆ ಶಾಲೆ ಬೇಕಿಲ್ಲ."
ಬಕೇಟು ಹೊತ್ತು ಹೊರಟೇ ಬಿಟ್ಟಳು.

ಮರುದಿನ ದಾನ್‌ಬಿ ಕೊನೆಯ ಬೆಂಚಿನಿಂದ,
ಯಾರೂ ಕೇಳದಿದ್ದರೂ:
"ಎರಡನೆಯದು ನನಗೆ ಗೊತ್ತಿತ್ತು.
ಬರೆಯಲಿಲ್ಲ, ಅಷ್ಟೆ."

ಅರ್ಧ ಅಂಕ ನಾನು ಮರಳಿ ಕೊಡಲಿಲ್ಲ.
ಅವಳೂ ಕೇಳಲಿಲ್ಲ.

ಈಗ ಪ್ರತಿ ಶನಿವಾರ ಆಚೆ ದಡಕ್ಕೆ ಹೋಗಬೇಕಾದಾಗ
ಕಂಬದ ಬಳಿ ನಿಲ್ಲುತ್ತೇನೆ, ಚೀಲ ಹೆಗಲಿಗೆ, ಬೂಟು ಕೈಯಲ್ಲಿ.
ನೀರು ಪಟ್ಟಿಯ ಮೇಲೆ ಇದೆ. ಉತ್ತರ ಸಿಕ್ಕಿದೆ.
ಬೀಡಿ ಕಚ್ಚಿದ ಬೆಸ್ತನೊಬ್ಬ ಕೂಗುತ್ತಾನೆ: "ಏನು ಮೇಷ್ಟ್ರೇ, ಹೊರಡಲಿಲ್ಲವಾ?"
ದೋಣಿಗಳು ಇನ್ನೂ ತಿರುಗಿಲ್ಲ,
ಅನ್ನುತ್ತೇನೆ.